ಸ್ಟ್ರೇಂಜಣ್ಣನ ಮೂರು ಇಂಗ್ಲಿಷ್ ಪದಗಳು

ಆ ಬೀದಿಯಲ್ಲಿ ಮಿಕ್ಸಿ ಕೆಟ್ಟವರು ಮೊದಲು ಮೂರು ಇಂಗ್ಲಿಷ್ ಪದಗಳ ಅರ್ಥ ತಿಳಿದುಕೊಂಡಿರಬೇಕಿತ್ತು. ಸ್ಟ್ರೇಂಜಣ್ಣ ನಿಮ್ಮ ಸಾಮಾನನ್ನು ಕೈಯಲ್ಲಿ ಹೊರಳಿಸಿ ನೋಡಿ "ನ್ಯೂ ಮಾಡೆಲ್" ಅಂದರೆ, ಅಂಥದ್ದನ್ನು ಅವನು ಜನ್ಮದಲ್ಲಿ ಕಂಡಿಲ್ಲ ಎಂದರ್ಥ. ಬಿಚ್ಚಿದ ಮೇಲೆ "ಸ್ಟ್ರೇಂಜ್" ಅಂದರೆ, ಒಳಗಿರುವುದು ಏನು, ಅದು ಅಲ್ಲಿ ಯಾಕಿದೆ ಎನ್ನುವುದು ಅವನಿಗೆ ಹೊಳೆದಿಲ್ಲ. ಮತ್ತೆ ಮುಚ್ಚಿದ ಮೇಲೂ ಮೇಜಿನ ಮೇಲೆ ನಾಲ್ಕಾರು ಸ್ಕ್ರೂ ಉಳಿದು, ಅವನ್ನು ಮೆಲ್ಲಗೆ ಡ್ರಾಯರಿನೊಳಕ್ಕೆ ತಳ್ಳುತ್ತ "ಅನ್‌ನೋನ್ ಪ್ರಾಬ್ಲಮ್" ಅಂದರೆ, ನೀವು ಹೊಸ ಮಿಕ್ಸಿ ಮಾರುವ ಅಂಗಡಿಯ ಕಡೆಗೆ ಹೊರಡುವುದು ಒಳ್ಳೆಯದು.

ಹಾಗಂತ ಅವನೇನೂ ಮೋಸಗಾರನಲ್ಲ. ಕಾಯಿಲ್ ಸುಟ್ಟ ಇಸ್ತ್ರಿ ಪೆಟ್ಟಿಗೆ, ಗೊರಗೊರ ಅನ್ನುವ ಫ್ಯಾನು, ಬ್ರಷ್ ಸವೆದ ಹಳೆಯ ಮಿಕ್ಸಿ, ಇಂಥವು ಬಂದರೆ ಸಿಳ್ಳೆ ಹಾಕುತ್ತ ಕೂತಲ್ಲೇ ಮಾಡಿಕೊಡುತ್ತಿದ್ದ. ಆಗ ಅವನ ಬಾಯಲ್ಲಿ ಆ ಮೂರರಲ್ಲಿ ಒಂದು ಪದವೂ ಸುಳಿಯುತ್ತಿರಲಿಲ್ಲ. ಅವನ ನಾಲಿಗೆಯ ಮೇಲೆ ಇಂಗ್ಲಿಷ್ ಹತ್ತಿತೆಂದರೆ ತಲೆಯೊಳಗೆ ಕರೆಂಟು ಹೋಗಿದೆ ಎಂದು ಬೀದಿಗೆಲ್ಲ ಗೊತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಅದು ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕರೆಯುವವರೆಲ್ಲ ಸ್ಟ್ರೇಂಜಣ್ಣ ಎಂದೇ ಕರೆಯುತ್ತಿದ್ದರು, ಅವನೂ ಅದನ್ನೊಂದು ಬಿರುದು ಎಂದುಕೊಂಡು ಓಗೊಡುತ್ತಿದ್ದ.

ಅಂಗಡಿ ಎಂದರೆ ಒಂದೇ ಕೋಣೆ. ನಡುವೆ ಉದ್ದನೆಯ ಹಲಗೆಯೊಂದನ್ನು ಸೊಂಟದೆತ್ತರಕ್ಕೆ ಅಡ್ಡ ಹಾಕಿ ಎರಡು ಮಾಡಿದ್ದರು. ಈಚೆಗೆ ಅವನ ರಿಪೇರಿ, ಆಚೆಗೆ ಹೆಂಡತಿಯ ಹೊಲಿಗೆ ಮಿಷನ್. ಈಚೆ ಹೊಟ್ಟೆ ಬಿಚ್ಚಿಕೊಂಡು ಬಿದ್ದ ಮಿಕ್ಸಿಗಳು, ಕತ್ತು ಮುರಿದ ಟೇಬಲ್ ಫ್ಯಾನುಗಳು, ಯಾರೋ ಕೊಟ್ಟು ಮರೆತ ಒಂದು ಇಸ್ತ್ರಿ ಪೆಟ್ಟಿಗೆ. ಅದರ ಮೇಲೆ ಅವನು ಟೀ ಲೋಟ ಇಡುತ್ತಿದ್ದ. ಆಚೆ ಜಿಪ್ಪು ಕಿತ್ತ ಪ್ಯಾಂಟುಗಳು, ಗಿಡ್ಡ ಮಾಡಬೇಕಾದ ಕಿಟಕಿ ಪರದೆಗಳು, ಹಾಕಿಕೊಳ್ಳುವವರು ದಪ್ಪಗಾದ ತಪ್ಪಿಗೆ ಅಗಲವಾಗಬೇಕಾದ ಕೋಟುಗಳು.

ಹೆಂಡತಿಗೆ ಈ ಇಂಗ್ಲಿಷಿನ ಹಂಗೇ ಇರಲಿಲ್ಲ. ಆಗುವುದಾದರೆ "ನಾಳೆ ಬನ್ನಿ", ಆಗದಿದ್ದರೆ "ಆಗಲ್ಲ, ತಗೊಂಡು ಹೋಗಿ." ಒಮ್ಮೆ ಬ್ಯಾಂಕಿನ ದೊಡ್ಡ ಸಾಹೇಬರೊಬ್ಬರು ತಮ್ಮ ಮದುವೆಯ ಕೋಟನ್ನು ತಂದು ಸ್ವಲ್ಪ ಬಿಡಿಸಿಕೊಡಿ ಎಂದಾಗ ಅವಳು ಕೋಟನ್ನೂ ಅವರನ್ನೂ ಒಂದು ಸುತ್ತು ನೋಡಿ, "ಇದರಲ್ಲಿ ಬಿಡಿಸೋಕೆ ಬಟ್ಟೆನೇ ಇಲ್ಲ ಸಾರ್, ಇಳಿಸೋದಿದ್ರೆ ನೀವೇ ಇಳಿಸ್ಬೇಕು" ಎಂದಿದ್ದಳು. ಸಾಹೇಬರು ಮುಖ ಊದಿಸಿಕೊಂಡು ಹೋದರು. ಮುಂದಿನ ವಾರ ಹೊಸ ಬಟ್ಟೆ ಹಿಡಿದು ಮತ್ತೆ ಅವಳ ಹತ್ತಿರವೇ ಬಂದರು.

ಇಂಥವಳು ಗಂಡನ ಇಂಗ್ಲಿಷನ್ನು ಹೇಗೆ ಸಹಿಸಿಯಾಳು? ಅವನ ಬಾಯಿಂದ "ಸ್ಟ್ರೇಂಜ್" ಉದುರಿದ ಕೂಡಲೇ ಅವಳು ಹೊಲಿಗೆಯಿಂದ ತಲೆ ಎತ್ತದೆ ಮೂತಿಯನ್ನು ಬಲಕ್ಕೆ ಸೊಟ್ಟ ಮಾಡುತ್ತಿದ್ದಳು. ಅಷ್ಟೇ. ಒಂದು ಮಾತಿಲ್ಲ. ಗಿರಾಕಿಗೆ ಕಾಣುತ್ತಿರಲಿಲ್ಲ, ಆದರೆ ಹಲಗೆಯ ಈಚೆ ಕೂತವನಿಗೆ ಕಡೆಗಣ್ಣಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಕಿವಿ ಬಿಸಿಯಾಗುತ್ತಿತ್ತು. ಮದುವೆಯಾದಂದಿನಿಂದ ಇದು ನಡೆದೇ ಇತ್ತು. ತಮಾಷೆ ಏನೆಂದರೆ, ಯಾವತ್ತಾದರೂ ಅವಳು ಕೆಲಸದಲ್ಲಿ ಮುಳುಗಿ ಮೂತಿ ಸೊಟ್ಟ ಮಾಡಲು ಮರೆತರೆ, ಅವನು ಅದೇ ಪದವನ್ನು ಇನ್ನೊಂದು ಸಲ ಜೋರಾಗಿ ಹೇಳುತ್ತಿದ್ದ.

ಈ ವಿದ್ಯೆ ಅವನಿಗೆ ಕಲಿಸಿದ್ದು ಅವನ ಗುರು, ರೇಡಿಯೋ ರಿಪೇರಿಯ ಮುದುಕ. ಕೆಲಸ ಕಲಿಯಲು ಸೇರಿದ ಹೊಸತರಲ್ಲಿ ಗಿರಾಕಿಯೊಬ್ಬ ಏನಾಗಿದೆ ಎಂದು ಕೇಳಿದ್ದಕ್ಕೆ ಇವನು ಪಾಪದವನ ಹಾಗೆ "ಗೊತ್ತಿಲ್ಲ" ಎಂದುಬಿಟ್ಟ. ಗಿರಾಕಿ ರೇಡಿಯೋ ಬಗಲಲ್ಲಿಟ್ಟುಕೊಂಡು ಹೊರಟೇ ಹೋದ. ಮುದುಕ ತಲೆಯ ಮೇಲೆ ಒಂದು ಮೊಟಕಿದ. "ಗೊತ್ತಿಲ್ಲ ಅಂದ್ರೆ ಗಿರಾಕಿ ಎದ್ದು ಹೋಗ್ತಾನೆ. ಅದನ್ನೇ ಇಂಗ್ಲಿಷಲ್ಲಿ ಹೇಳು, ಕೂತ್ಕೋತಾನೆ." ಹಾಗೆಂದು ಮೂರು ಪದ ಹೇಳಿಕೊಟ್ಟ. ಮುದುಕನಿಗೂ ಬರುತ್ತಿದ್ದದ್ದು ಅಷ್ಟೇ ಇರಬೇಕು. ಆ ಮೊಟಕು ಬಿದ್ದ ಮೇಲೆ ನಮ್ಮವನು "ಗೊತ್ತಿಲ್ಲ" ಎನ್ನುವ ಮಾತನ್ನು ಬಾಯಿಂದಲೇ ಕಿತ್ತುಹಾಕಿದ. ದಾರಿ ಕೇಳಿದವರಿಗೆ ಕೂಡ ಗೊತ್ತಿಲ್ಲ ಎನ್ನುತ್ತಿರಲಿಲ್ಲ, ಏನಾದರೊಂದು ದಿಕ್ಕು ತೋರಿಸಿ ಕಳಿಸುತ್ತಿದ್ದ.

ಹಳೆಯ ಸಾಮಾನುಗಳ ಕಾಲ ಇರುವವರೆಗೆ ಮೂರು ಪದ ಸಾಕಾಗಿದ್ದವು. ಆಮೇಲೆ ಬೀದಿಗೆ ಏನೇನೋ ಬರತೊಡಗಿದವು. ಎಣ್ಣೆ ಇಲ್ಲದೆ ಕರಿಯುವ ಪೆಟ್ಟಿಗೆ, ಬೆಂಕಿ ಇಲ್ಲದೆ ಕುದಿಸುವ ಒಲೆ, ಕೂದಲನ್ನು ನೆಟ್ಟಗೆ ಮಾಡುವ ಇಕ್ಕಳ. ದಿನಕ್ಕೆ ಹತ್ತು ಸಲ "ನ್ಯೂ ಮಾಡೆಲ್" ಎಂದರೆ ಆ ಪದಕ್ಕೆ ಯಾವ ಮರ್ಯಾದೆ ಉಳಿಯುತ್ತದೆ? ಹೊಸ ಪದ ಬೇಕಾಗಿತ್ತು. ಅದನ್ನು ಕೊಟ್ಟವರು ಮೂಲೆ ಮನೆಯ ಟೀಚರಮ್ಮ. ನಿವೃತ್ತರಾಗಿದ್ದರೂ ಅವರಿಗೆ ಕಲಿಸುವ ಚಟ ಹೋಗಿರಲಿಲ್ಲ.

ಅವರು ಒಂದು ದಿನ ದೊಡ್ಡ ತಟ್ಟೆಯ ಆಕಾರದ ಯಂತ್ರವೊಂದನ್ನು ಎದೆಗೆ ಅಪ್ಪಿಕೊಂಡು ಬಂದರು. ತಾನೇ ಮನೆಯೆಲ್ಲ ಓಡಾಡಿ ಕಸ ಗುಡಿಸುವ ಯಂತ್ರವಂತೆ, ಈಗ ನಡುಮನೆಯಲ್ಲಿ ನಿಂತುಬಿಡುತ್ತದಂತೆ. "ಇದೊಂದು ನಾವೆಲ್ ಡಿವೈಸ್ ಕಣಪ್ಪ" ಎಂದರು.

"ನಾವೆಲ್ ಅಂದ್ರೆ ಕಾದಂಬರಿ ಅಲ್ವಾ ಟೀಚರ್?"

"ಹೊಸದು, ಅಪರೂಪದ್ದು ಅಂತಾನೂ ಅರ್ಥ ಇದೆ."

ಆ ಪದ ಅವನಿಗೆ ಹಿಡಿಸಲಿಲ್ಲ. ಮಿಕ್ಸಿ ತಂದವರಿಗೆ ನಾವೆಲ್ ಎಂದರೆ ಓದಲು ಕೇಳುತ್ತಾರೆ. ಬಿಚ್ಚಿ ನೋಡಿ "ಸ್ಟ್ರೇಂಜ್" ಎಂದಾಗ ಟೀಚರಮ್ಮ ತಿದ್ದಿದರು, "ಪೆಕ್ಯೂಲಿಯರ್ ಅನ್ನು, ಇನ್ನೂ ಚೆನ್ನಾಗಿರುತ್ತೆ." ಇದು ಹಿಡಿಸಿತು. ನಾಲಿಗೆ ನಾಲ್ಕು ಕಡೆ ಬಡಿದು ಹೊರಬರುವ ಪದ, ಕೇಳಿದವರಿಗೆ ಮರುಪ್ರಶ್ನೆ ಕೇಳುವ ಧೈರ್ಯ ಬರುವುದಿಲ್ಲ. ಹಲಗೆಯಾಚೆ ಮೂತಿ ಬಲಕ್ಕೆ ಹೋಯಿತು.

ಅವನು ಯಂತ್ರವನ್ನು ಮುಚ್ಚಿ ಗುಂಡಿ ಒತ್ತಿದ. ಅದು ಒಂದು ಗೇಣು ಹೋಗಿ ನಿಂತು, ಹೆಣ್ಣು ಧ್ವನಿಯಲ್ಲಿ ಏನೋ ಹೇಳಿತು. ಅವನ ಸರ್ವೀಸಿನಲ್ಲೇ ಮೊದಲ ಬಾರಿಗೆ ರಿಪೇರಿಗೆ ಬಂದ ಸಾಮಾನು ಅವನೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿತ್ತು.

"ಏನಂತೆ ಟೀಚರ್?"

"ಅನ್‌ನೋನ್ ಎರರ್ ಅಂತಿದೆ."

ಸ್ಟ್ರೇಂಜಣ್ಣ ಬಾಯಿ ತೆರೆದವನು ಹಾಗೇ ಕೂತ. ಅವನು ಹೇಳಬೇಕೆಂದುಕೊಂಡಿದ್ದ ಮಾತನ್ನು ತಟ್ಟೆ ಹೇಳಿಬಿಟ್ಟಿತ್ತು. ಹೆಂಡತಿ ಮಿಷನ್ ನಿಲ್ಲಿಸಿ, ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ರೀ, ನಿಮ್ಮ ತಂಗಿ ಸಿಕ್ಕಿದಳು ನೋಡಿ" ಎಂದಳು.

ಮಾರನೆಯ ಬೆಳಿಗ್ಗೆ ತಿಂಡಿಗೆ ಕೂತಾಗಲೂ ಅವನ ತಲೆಯಲ್ಲಿ ಆ ತಟ್ಟೆಯೇ ಸುತ್ತುತ್ತಿತ್ತು. "ಅದು ಸ್ವಲ್ಪ ಪೆಕ್ಯೂಲಿಯರ್ ಕೇಸು" ಎಂದ, ಗೋಡೆಗೆ ಹೇಳುವ ಹಾಗೆ. ಎದುರಿಗೆ ಹೆಂಡತಿಯ ಮೂತಿ ಬಲಕ್ಕೆ ಸೊಟ್ಟಗಾಯಿತು. ಸರಿ ಎಂದುಕೊಂಡ. ಆದರೆ ಅದು ಸೊಟ್ಟಗಾದದ್ದು ನೆಟ್ಟಗಾಗಲಿಲ್ಲ. ಅವಳು ಲೋಟ ತೊಳೆಯುವಾಗಲೂ ಹಾಗೇ ಇತ್ತು. ಬೀಗ ಹಾಕುವಾಗಲೂ ಹಾಗೇ ಇತ್ತು. ನಿನ್ನೆ ನಕ್ಕಿದ್ದು ಸಾಲದು ಅಂತ ಇವತ್ತು ದಾರಿಯುದ್ದಕ್ಕೂ ಆಡಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟ. ಇಂಥ ಗಂಡಸರಿಗೆ ಮಾತು ಬಿಡುವುದೆಂದರೆ ದೊಡ್ಡ ಶಿಕ್ಷೆ ಕೊಟ್ಟೆವೆಂಬ ಭ್ರಮೆ. ಮನೆಯಲ್ಲಿ ಉಳಿದವರಿಗೆ ಸ್ವಲ್ಪ ನೆಮ್ಮದಿ ಸಿಗುತ್ತದೆ, ಅಷ್ಟೇ.

ಅವಳೂ ಮಾತಾಡಲಿಲ್ಲ. ಮುಖ ಒಂಥರಾ ಜೋಮು ಹಿಡಿದ ಹಾಗಿತ್ತು, ಮಗ್ಗುಲು ತಪ್ಪಿ ಮಲಗಿದ್ದಕ್ಕೆ ಇರಬೇಕು ಎಂದುಕೊಂಡಿದ್ದಳು. ಗಂಡ ಮುಖ ಸಿಂಡರಿಸಿಕೊಂಡು ಕೂತಿದ್ದನ್ನು ನೋಡಿ ಅವನಿಗೆ ಹೇಳುವ ಮನಸ್ಸೂ ಆಗಲಿಲ್ಲ. ಹೀಗೆ ಮಧ್ಯಾಹ್ನದವರೆಗೆ ಇಬ್ಬರೂ ಹಲಗೆಯ ಎರಡು ಕಡೆ ಬಿಗುಮಾನದಿಂದ ಕೂತರು.

ಅವಳಿಗೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುವ ಅಭ್ಯಾಸ. ಅವತ್ತು ದಾರ ತುಟಿಯಲ್ಲಿ ನಿಲ್ಲಲಿಲ್ಲ. ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಜಾರಿತು. ಸ್ಟ್ರೇಂಜಣ್ಣ ಕಡೆಗಣ್ಣಿನಲ್ಲಿ ನೋಡುತ್ತಲೇ ಇದ್ದ. ಟೀ ಬಂತು. ಅವಳು ಒಂದು ಗುಟುಕು ಕುಡಿದಳು. ಬಾಯಿಯ ಎಡ ಮೂಲೆಯಿಂದ ಟೀ ಸೋರಿ ಗಲ್ಲದ ಮೇಲಿಂದ ಯಾರದೋ ಬಿಳಿ ಪರದೆಯ ಮೇಲೆ ತೊಟ್ಟಿಕ್ಕಿತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಇನ್ನೊಂದು ಗುಟುಕು ಕುಡಿದಳು.

ಸ್ಟ್ರೇಂಜಣ್ಣ ಹಲಗೆ ಹಾರಿದ. ಅವನ ವಯಸ್ಸಿಗೆ, ಆ ಹೊಟ್ಟೆಗೆ, ಹಲಗೆ ಹಾರುವುದು ಸಣ್ಣ ಮಾತಲ್ಲ. ಹತ್ತಿರದಿಂದ ನೋಡಿದ. ಎಡಗಡೆಯ ಮುಖ ಪೂರ್ತಿ ಜೋತುಬಿದ್ದಿತ್ತು. ಎಡಗಣ್ಣು ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿತ್ತು.

"ಏನಾಯ್ತೇ?"

"ಯಾಕೆ, ಏನಾಗಿದೆ?" ಎಂದಳು. ಮಾತು ತೊದಲಿತು. ಅವನ ಮುಖ ನೋಡಿ ತನ್ನ ಗಲ್ಲ ಮುಟ್ಟಿಕೊಂಡಳು.

ಆಸ್ಪತ್ರೆ ತಲುಪುವ ತನಕ ಅವನು ಆಟೋದಲ್ಲಿ ಅವಳ ಕೈ ಹಿಡಿದುಕೊಂಡೇ ಇದ್ದ. ಬೆಳಿಗ್ಗೆಯಿಂದ ಅವಳ ಮುಖ ಕೂಗಿ ಹೇಳುತ್ತಿದ್ದದ್ದನ್ನು ತಾನು ಗೇಲಿ ಎಂದುಕೊಂಡು ಸೆಟೆದು ಕೂತಿದ್ದು ನೆನೆದು ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಭಯವಾಯಿತು.

ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಹುಬ್ಬು ಏರಿಸಿ ಎಂದರು, ಬಲ ಹುಬ್ಬು ಮಾತ್ರ ಏರಿತು. ಕಣ್ಣು ಮುಚ್ಚಿ ಎಂದರು, ಎಡಗಣ್ಣು ಮುಚ್ಚಲಿಲ್ಲ. ಗಲ್ಲ ಉಬ್ಬಿಸಿ ಎಂದರು, ಗಾಳಿ ಎಡಗಡೆಯಿಂದ ಪುಸ್ಸೆಂದು ಹೋಯಿತು. ಕೈ ಕಾಲು ಎತ್ತಿಸಿದರು, ನಡೆಸಿ ನೋಡಿದರು, ಅವೆಲ್ಲ ಸರಿಯಾಗಿದ್ದವು.

"ಹೆದರಬೇಡಿ. ಲಕ್ವ ಅಲ್ಲ" ಎಂದರು. "ಮುಖದ ನರ ಒಂದು ಊದಿಕೊಂಡಿದೆ, ಅಷ್ಟೇ. ಇದು ಇಡಿಯೋಪಥಿಕ್."

ಸ್ಟ್ರೇಂಜಣ್ಣ ಗಂಭೀರವಾಗಿ ತಲೆ ಆಡಿಸಿದ. ಆಡಿಸುತ್ತಿದ್ದ ಹಾಗೇ ಅವನಿಗೆ ಏನೋ ಹೊಳೆಯಿತು. ಈ ತಲೆ ಆಡಿಸುವುದನ್ನು ಅವನು ಎಲ್ಲೋ ನೋಡಿದ್ದ. ಅವನ ಅಂಗಡಿಯಲ್ಲಿ, ಮೇಜಿನ ಎದುರು, ಸತ್ತ ಮಿಕ್ಸಿ ಹಿಡಿದು ನಿಂತ ಗಿರಾಕಿಗಳೆಲ್ಲ ಹೀಗೇ ಆಡಿಸುತ್ತಿದ್ದರು.

"ಹಾಗಂದ್ರೆ ಏನು ಡಾಕ್ಟ್ರೇ?"

"ಹಾಗಂದ್ರೆ ಯಾಕೆ ಆಯ್ತು ಅಂತ ಕಾರಣ ಗೊತ್ತಿಲ್ಲ ಅಂತ."

ಸ್ಟ್ರೇಂಜಣ್ಣನಿಗೆ ತಡೆಯಲಾಗಲಿಲ್ಲ, ಕಿಸಕ್ಕೆಂದು ನಗು ಬಂದುಬಿಟ್ಟಿತು. ಎಷ್ಟು ಓದಿದವರು! ತನ್ನ ಮೂರು ಪದಗಳನ್ನು ಒಟ್ಟಿಗೆ ಅರೆದರೂ ಇಷ್ಟು ಚಂದದ ಒಂದು ಪದ ಆಗುತ್ತಿರಲಿಲ್ಲ. ಡಾಕ್ಟರು ವಿಚಿತ್ರವಾಗಿ ನೋಡಿದರು. ಹೆಂಡತಿ ಅರ್ಧ ಮುಖದಲ್ಲಿ ದುರುಗುಟ್ಟಿದಳು. ಮರುಕ್ಷಣ ಅವನ ನಗು ನಿಂತಿತು. ಆ ಪದದ ಹಿಂದೆ ಏನಿರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಡ್ರಾಯರಿಗೆ ತಳ್ಳಿದ ಸ್ಕ್ರೂಗಳು ಕಣ್ಣ ಮುಂದೆ ಬಂದವು.

"ಡಾಕ್ಟ್ರೇ, ನಿಜ ಹೇಳಿ. ಇದು ಸ್ಟ್ರೇಂಜಾ, ಅನ್‌ನೋನಾ?"

ಪಾಪ, ಡಾಕ್ಟರಿಗೆ ಈ ಅಂಗಡಿಯ ಲೆಕ್ಕ ಎಲ್ಲಿ ತಿಳಿಯಬೇಕು? "ಎರಡೂ ಅನ್ನಬಹುದು" ಎಂದು ಸಲೀಸಾಗಿ ಹೇಳಿ, ಮಾತ್ರೆ ಬರೆದರು. ಕಣ್ಣಿಗೆ ಹನಿ ಹಾಕಬೇಕು, ಮಲಗುವಾಗ ರೆಪ್ಪೆಯ ಮೇಲೆ ಟೇಪು ಅಂಟಿಸಬೇಕು, ಕನ್ನಡಿ ಮುಂದೆ ಕೂತು ಮುಖದ ವ್ಯಾಯಾಮ ಮಾಡಬೇಕು. ಬಹಳ ಜನಕ್ಕೆ ವಾಸಿಯಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದುಕೊಳ್ಳುತ್ತದೆ ಎಂದರು.

ಹೆಂಡತಿ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಮನೆಯ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಹಾಲಿನವನು ಬಂದರೂ ಬಾಯಿಗೆ ಕರ್ಚೀಫು ಅಡ್ಡ ಹಿಡಿದುಕೊಂಡೇ ಬಾಗಿಲು ತೆರೆಯುತ್ತಿದ್ದಳು. ಬೀದಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದ ಹೆಂಗಸಿಗೆ ಈಗ ಆ ಮುಖವನ್ನೇ ತೋರಿಸಲು ಆಗುತ್ತಿರಲಿಲ್ಲ. ವ್ಯಾಯಾಮ ಗೀಯಾಮ ಏನೂ ಮಾಡುತ್ತಿರಲಿಲ್ಲ.

ಅಂಗಡಿಯಲ್ಲಿ ಹಲಗೆಯಾಚೆ ಮಿಷನ್ ಮೇಲೆ ಬಟ್ಟೆ ಮುಚ್ಚಿತ್ತು. ಸ್ಟ್ರೇಂಜಣ್ಣ ಒಬ್ಬ ಗಿರಾಕಿಗೆ ಅಭ್ಯಾಸ ಬಲದಿಂದ "ಸ್ಟ್ರೇಂಜ್" ಎಂದು, ಆಚೆಗೆ ನೋಡಿದ. ಖಾಲಿ ಕುರ್ಚಿ. ಸುಮ್ಮನೆ ಇನ್ನೊಮ್ಮೆ ಜೋರಾಗಿ "ಸ್ಟ್ರೇಂಜ್" ಎಂದ. ಗಿರಾಕಿ, "ಕೇಳಿಸ್ತು ಬಿಡಣ್ಣ" ಎಂದ. ಅವಳು ಮತ್ತೆ ಅಲ್ಲಿ ಕೂತು ತನ್ನನ್ನು ನೋಡಿ ಬೇಕೆಂದೇ ಮೂತಿ ಸೊಟ್ಟ ಮಾಡದೆ ಹೋದರೆ ಈ ಅಂಗಡಿ ಇಟ್ಟುಕೊಂಡು ಏನು ಮಾಡಲಿ ಎಂದು ಅವನಿಗೆ ಅನಿಸಿತು. ಆವತ್ತು ಬೇಗ ಬಾಗಿಲು ಎಳೆದು ಮನೆಗೆ ಹೋದ.

ಅವಳು ಅಡುಗೆ ಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದಳು. ತಿರುಗದೆ ಕೇಳಿದಳು, "ರೀ, ಇದು ಸರಿ ಹೋಗುತ್ತಾ?"

"ಡಾಕ್ಟ್ರು ಹೇಳಿದ್ದು ಕೇಳಿದೆಯಲ್ಲ. ರಿಕವರಿ ಇದೆ. ಕೇಸು ಸ್ವಲ್ಪ ಪೆಕ್ಯೂಲಿಯರ್, ಆದ್ರೆ..."

"ನಾನು ನಿಮ್ಮ ಗಿರಾಕಿ ಅಲ್ಲ" ಎಂದಳು ಅವಳು.

ಅವಳು ತಿರುಗಿ, ಕರ್ಚೀಫು ತೆಗೆದು, ಮುಖ ಎದುರಿಗೆ ಹಿಡಿದು ನಿಂತಳು. ರಿಪೇರಿಗೆ ತಂದ ಸಾಮಾನನ್ನು ಮೇಜಿನ ಮೇಲೆ ಇಟ್ಟ ಹಾಗೆ. "ನೋಡಿ ಹೇಳಿ. ಸರಿ ಹೋಗುತ್ತಾ?"

ಅವನು ನೋಡಿದ. ಜೋತ ಗಲ್ಲ, ಬಡಿಯದ ರೆಪ್ಪೆ, ಕೆಂಪಗಾದ ಕಣ್ಣು. ಹುಡುಕಿದರೆ ಇನ್ನೊಂದು ಇಂಗ್ಲಿಷ್ ಪದ ಸಿಗುತ್ತಿತ್ತೋ ಏನೋ. ತಲೆಯ ಮೇಲೆ ಮುದುಕನ ಮೊಟಕು ಬಿದ್ದ ಜಾಗ ಈಗಲೂ ಚುರುಗುಟ್ಟಿತು.

"ಗೊತ್ತಿಲ್ಲ ಕಣೇ" ಎಂದ.

ಅಷ್ಟು ವರ್ಷ ಹೇಳದ ಮಾತು ಒಮ್ಮೆ ಹೊರಬಿದ್ದಿದ್ದೇ ತಡ, ಹಿಂದೆ ಇದ್ದದ್ದೂ ಬಂತು. "ನಂಗೊತ್ತಿಲ್ಲ. ಹೆದರಿಕೆ ಆಗ್ತಿದೆ. ಅವತ್ತು ಬೆಳಿಗ್ಗೆ ನೀನು ನನ್ನ ಆಡ್ಕೋತಿದೀಯ ಅಂದ್ಕೊಂಡೆ. ಮಧ್ಯಾಹ್ನದವರೆಗೂ ಮೂತಿ ಊದಿಸ್ಕೊಂಡು ಕೂತಿದ್ದೆ, ಕತ್ತೆ ಥರ." ಅವನಿಗೆ ಅಳು ಬಂತು. ದೊಡ್ಡ ಗಂಡಸು, ಅಡುಗೆ ಮನೆಯ ಸ್ಟೂಲಿನ ಮೇಲೆ ಕೂತು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ.

ಅವಳು ಕರ್ಚೀಫನ್ನು ಅವನ ಕಡೆ ಎಸೆದಳು. "ಅದಕ್ಕೇನಾ ಅವತ್ತು ಮಾತು ಬಿಟ್ಟಿದ್ದು?" ಎಂದವಳು ನಗಲು ಶುರು ಮಾಡಿದಳು. ನಗು ಅರ್ಧ ಮುಖಕ್ಕೆ ಮಾತ್ರ ಬಂತು, ಸದ್ದು ಮಾತ್ರ ಪೂರ್ತಿ ಬಂತು. "ನನ್ನ ಬಾಯಿ ಬಿದ್ದುಹೋಗಿದೆ, ಇವರಿಗೆ ಅಲ್ಲೂ ಇವರದ್ದೇ ಚಿಂತೆ."

ಕನ್ನಡಿಯನ್ನು ಅವಳು ಇನ್ನೂ ತಿರುಗಿಸಲು ಒಪ್ಪಲಿಲ್ಲ. ಅದಕ್ಕೆ ಅವನೇ ಕನ್ನಡಿಯಾದ. ದಿನಾ ಬೆಳಿಗ್ಗೆ ಇಬ್ಬರೂ ಎದುರು ಬದುರು ಕೂತು ಹುಬ್ಬು ಏರಿಸುವುದು, ಗಲ್ಲ ಉಬ್ಬಿಸುವುದು, ಹಲ್ಲು ಕಿರಿಯುವುದು, ತುಟಿ ಮುಂದೆ ಮಾಡಿ ಊದುವುದು. ಕಿಟಕಿಯಿಂದ ಇದನ್ನು ಕಂಡ ಪಕ್ಕದ ಮನೆಯವರು ಗಂಡ ಹೆಂಡತಿಯ ಜಗಳ ಇಷ್ಟು ದೂರ ಹೋಯಿತೇ ಎಂದು ಬೇಸರ ಮಾಡಿಕೊಂಡರು. ಸ್ಟ್ರೇಂಜಣ್ಣನ ಮುಖಕ್ಕೆ ಏನೂ ಆಗಿರಲಿಲ್ಲ. ಆದರೂ ಎಲ್ಲ ವ್ಯಾಯಾಮವನ್ನೂ ಅವಳಿಗಿಂತ ನಿಷ್ಠೆಯಿಂದ ಮಾಡಿದ, ಗಲ್ಲ ನೋವು ಬರಿಸಿಕೊಂಡ.

ಒಮ್ಮೆ ರುಚಿ ಹತ್ತಿದ ಮೇಲೆ ಆ ಮಾತನ್ನು ಅವನು ಅಂಗಡಿಯಲ್ಲೂ ಬಳಸಿ ನೋಡಿದ. ಮೊದಲ ಗಿರಾಕಿ ಟೀಚರಮ್ಮ. "ಟೀಚರ್, ಈ ತಟ್ಟೆಗೆ ಏನಾಗಿದೆ ಅಂತ ನಂಗೆ ಗೊತ್ತಿಲ್ಲ." ಟೀಚರಮ್ಮ ಎದ್ದು ಹೋಗಲಿಲ್ಲ, ಬದಲಿಗೆ ಸ್ಟೂಲು ಎಳೆದುಕೊಂಡು ಕೂತರು. "ಅಂತೂ ಒಂದು ಪಾಠ ಸರಿಯಾಗಿ ಒಪ್ಪಿಸಿದೆ" ಎಂದರು. ಇದನ್ನು ಕೇಳಿ ನೀವು ವ್ಯಾಪಾರ ಹೆಚ್ಚಿತು ಎಂದುಕೊಳ್ಳಬೇಡಿ. ಮುದುಕ ಹೇಳಿದ್ದು ಸುಳ್ಳೇನಾಗಿರಲಿಲ್ಲ. ಬಹಳಷ್ಟು ಜನ ಎದ್ದೇ ಹೋದರು. ಮುಂದಿನ ಬೀದಿಯ ಹೊಸ ಅಂಗಡಿಯವನಿಗೆ ಮೂರಕ್ಕಿಂತ ಹೆಚ್ಚು ಇಂಗ್ಲಿಷ್ ಬರುತ್ತಿತ್ತು, ಅವನು ಚೆನ್ನಾಗಿ ಬೆಳೆದ. ತಟ್ಟೆ ರಿಪೇರಿಯಾಗಲಿಲ್ಲ. ಟೀಚರಮ್ಮ ಅದನ್ನು ಅಲ್ಲೇ ಬಿಟ್ಟರು, ಇಸ್ತ್ರಿ ಪೆಟ್ಟಿಗೆಯ ಮೇಲಿದ್ದ ಟೀ ಲೋಟ ಅದರ ಮೇಲೆ ಬಂತು.

ಮುಖ ಮಾತ್ರ ನಿಧಾನವಾಗಿ ಎದ್ದಿತು. ಮೊದಲು ಟೀ ಸೋರುವುದು ನಿಂತಿತು. ಆಮೇಲೆ ರೆಪ್ಪೆ ಮುಚ್ಚತೊಡಗಿತು. ಒಂದು ದಿನ ದಾರ ತುಟಿಯಲ್ಲಿ ನಿಂತಿತು. ಅವತ್ತೇ ಅವಳು ಮಿಷನ್ ಮೇಲಿನ ಬಟ್ಟೆ ತೆಗೆದಳು. ಆದರೆ ವಾಪಸು ಬಂದ ಮುಖದಲ್ಲಿ ಒಂದು ಹೊಸ ಚಾಳಿ ಇತ್ತು. ಅವಳು ನಕ್ಕಾಗಲೆಲ್ಲ ಎಡಗಣ್ಣು ತನ್ನ ಪಾಡಿಗೆ ತಾನು ಟಪ್ಪೆಂದು ಮುಚ್ಚಿ ತೆರೆಯುತ್ತಿತ್ತು. ನೋಡಿದವರಿಗೆ ಬೇರೆಯೇ ಅರ್ಥ. ಮೊಟ್ಟೆ ಅಂಗಡಿಯವನು ಎರಡು ಸಲ ಚಿಲ್ಲರೆ ತಪ್ಪಾಗಿ ಕೊಟ್ಟು, ಮೂರನೆಯ ದಿನ ತಲೆಗೆ ಬಣ್ಣ ಹಚ್ಚಿಕೊಂಡು ಬಂದ. ಬ್ಯಾಂಕಿನ ಸಾಹೇಬರು ನಿಜಕ್ಕೂ ಹೊಟ್ಟೆ ಇಳಿಸತೊಡಗಿದರು.

ಸ್ಟ್ರೇಂಜಣ್ಣ ಅವಳನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ನಗಿಸಿ ನೋಡಿದರು, ಕಣ್ಣು ಮುಚ್ಚಿತು. ಮತ್ತೆ ನಗಿಸಿದರು, ಮತ್ತೆ ಮುಚ್ಚಿತು.

"ನರ ಮತ್ತೆ ಬೆಳೆಯುವಾಗ ಬಾಯಿಗೆ ಹೋಗಬೇಕಾದ ಒಂದು ಎಳೆ ಕಣ್ಣಿಗೆ ಹೋಗಿ ಸೇರ್ಕೊಂಡಿದೆ" ಎಂದರು.

"ವೈರು ಅದಲು ಬದಲಾಗಿದೆ" ಎಂದ ಸ್ಟ್ರೇಂಜಣ್ಣ. ಇದು ಅವನಿಗೆ ಬಹಳ ಚೆನ್ನಾಗಿ ಗೊತ್ತಿದ್ದ ದೋಷ. ಅವನು ಜೋಡಿಸಿಕೊಟ್ಟ ಎಷ್ಟೋ ಫ್ಯಾನುಗಳು ಒಂದನೇ ನಂಬರಿನ ಗುಂಡಿ ಒತ್ತಿದರೆ ಮೂರನೇ ನಂಬರಿನ ವೇಗದಲ್ಲಿ ತಿರುಗುತ್ತಿದ್ದವು.

"ಹೌದು, ಹಾಗೇ. ಇದಕ್ಕೆ ಸಿನ್‌ಕೈನೀಸಿಸ್ ಅಂತಾರೆ. ನಮ್ಮ ಭಾಷೆಯಲ್ಲಿ ಇದಕ್ಕೆ ಪದ ಇಲ್ಲ."

"ಇದೆಯಲ್ಲ ಡಾಕ್ಟ್ರೇ" ಎಂದ ಸ್ಟ್ರೇಂಜಣ್ಣ. "ಕಣ್ಣು ಹೊಡೆಯೋದು ಅಂತಾರೆ."

ಡಾಕ್ಟರು ಮೊದಲ ಸಲ ಜೋರಾಗಿ ನಕ್ಕರು. ಹೆಂಡತಿಯೂ ನಕ್ಕಳು, ಅವರ ಕಡೆಗೇ ತಿರುಗಿ. ಡಾಕ್ಟರು ಕೆಂಪಗಾಗಿ ಪೆನ್ನು ಹುಡುಕಿದರು. ಇಂಜೆಕ್ಷನ್ ಕೊಟ್ಟು ನೋಡಬಹುದು, ಎಷ್ಟು ಸರಿಹೋಗುತ್ತದೋ ಹೇಳಲಾಗದು ಎಂದರು. "ಬೇಡ ಬಿಡಿ" ಎಂದಳು ಅವಳು. "ಇವರು ಬಿಚ್ಚಿ ಮುಚ್ಚಿದ್ದು ನೋಡಿ ಸಾಕಾಗಿದೆ. ನಡೀತಿರೋದನ್ನ ಮತ್ತೆ ಬಿಚ್ಚಬಾರದು."

ಅಂಗಡಿಗೆ ವಾಪಸು ಬಂದು ಹಲಗೆಯ ಎರಡು ಕಡೆ ಕೂತರು. ಅವಳು ಪರದೆಯೊಂದನ್ನು ಮಿಷನ್ನಿಗೆ ಕೊಟ್ಟಳು. ಅವನು ಸತ್ತ ಫ್ಯಾನೊಂದನ್ನು ಮಡಿಲಿಗೆ ಎಳೆದುಕೊಂಡ. ಹೊರಗೆ ಮೊಟ್ಟೆ ಅಂಗಡಿಯವನು ಬೇಕೆಂದೇ ಎರಡು ಸಲ ಹಾದುಹೋದ. ಅವಳು ಏನನ್ನೋ ನೆನೆದು ನಕ್ಕಳು, ಈ ಸಲ ಗಂಡನ ಕಡೆ ನೋಡಿ. ಮತ್ತೆ ಎಡಗಣ್ಣು ಮುಚ್ಚಿ ತೆರೆಯಿತು.

ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. "ಏನೇ, ಈಗ ಹೊಡೆದದ್ದು ನರಾನಾ, ನೀನಾ?"

ಅವಳು ದಾರ ಕಚ್ಚಿ ಕತ್ತರಿಸಿದಳು. ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಅನ್‌ನೋನ್" ಎಂದಳು. ಆಮೇಲೆ ಮೂತಿ ಸೊಟ್ಟ ಮಾಡಿದಳು. ಮದುವೆಯಾದಂದಿನಿಂದ ಬಲಕ್ಕೇ ಹೋಗುತ್ತಿದ್ದ ಮೂತಿ ಅವತ್ತು ಎಡಕ್ಕೆ ಹೋಯಿತು.